ನೂರ ನಲವತ್ತನೆಯ ಪುಟದ ನಂತರ

ಸೋಮವಾರ ಬೆಳಗ್ಗೆ ಏಳೂ ಕಾಲಿಗೆ ಶಾಲೆಯ ಮಾಲಿ ಹಿತ್ತಲಿನ ತಗಡಿನ ಪೀಪಾಯಿಯಿಂದ ಹೊಗೆ ಏಳುತ್ತಿರುವುದನ್ನು ಕಂಡ. ಹಳೆಯ ಉತ್ತರಪತ್ರಿಕೆಗಳನ್ನು ಸುಡುವ ಪೀಪಾಯಿ ಅದು. ಸುಡುವುದು ವರ್ಷಕ್ಕೊಮ್ಮೆ, ಅದೂ ರಜೆಯ ದಿನಗಳಲ್ಲಿ. ಅವನು ಕೋಲಿನಿಂದ ಬೂದಿ ಕೆದಕಿದ. ಮೇಲಿನ ಪದರದಲ್ಲಿ ಒಂದಿಷ್ಟು ಹಾಳೆಗಳು ಒಂದು ಮಗ್ಗುಲು ಮಾತ್ರ ಕರಿಕಾಗಿ ಉಳಿದಿದ್ದವು. ನೀಲಿ ಶಾಯಿ. ಪೋಣಿಸಿಟ್ಟಂಥ ಅಕ್ಷರ. ಇಂಗ್ಲಿಷ್ ಓದಲು ಬಾರದ ಮಾಲಿಗೂ ಆ ಅಕ್ಷರ ಯಾರದೆಂದು ಗೊತ್ತಿತ್ತು.

ಅವನು ಹಾಳೆಗಳನ್ನು ಎದೆಗವಚಿಕೊಂಡು ಕಚೇರಿಗೆ ಓಡಿದ.

ಇಂಗ್ಲಿಷ್ ವಿಭಾಗದ ಕೋಣೆಯನ್ನು ತೆರೆಸಲಾಯಿತು. ಕಬ್ಬಿಣದ ಬೀರುವಿನ ಬೀಗ ಹಾಕಿದಂತೆಯೇ ಇತ್ತು. ಒಳಗೆ ಕೆಳಗಿನ ಖಾನೆ ಖಾಲಿ. ನಿವೃತ್ತ ಇಂಗ್ಲಿಷ್ ಮೇಷ್ಟ್ರು ಹನ್ನೊಂದು ವರ್ಷ ಕೂತು ಬರೆದ ಹಸ್ತಪ್ರತಿ, ಮುನ್ನೂರ ಹನ್ನೆರಡು ಪುಟ, ಅಲ್ಲಿರಲಿಲ್ಲ. ಅದನ್ನು ಅಚ್ಚಿಗೆ ಒಯ್ಯಲು ಪ್ರೆಸ್ಸಿನ ಯಜಮಾನರು ಅಂದೇ ಹತ್ತು ಗಂಟೆಗೆ ಬರುವವರಿದ್ದರು.

ಬೇರೆ ಪ್ರತಿ ಇರಲಿಲ್ಲ.

*

ಇನ್ಸ್‌ಪೆಕ್ಟರ್ ಬಂದಾಗ ಎಂಟೂವರೆ. ಆತ ಇದೇ ಶಾಲೆಯಲ್ಲಿ ಓದಿದವನು. ಇದೇ ಮೇಷ್ಟ್ರ ಕೈಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದವನು. ಮೇಷ್ಟ್ರ ಪಾಠ ಅವನಿಗಿನ್ನೂ ಕಣ್ಣಿಗೆ ಕಟ್ಟಿದಂತಿತ್ತು. ಹಲಗೆಯ ಮುಂದೆ ಎರಡು ಕುರ್ಚಿ. ಒಂದು ಮಾಡುವವನದು, ಇನ್ನೊಂದು ಮಾಡಿಸಿಕೊಳ್ಳುವವನದು. ಮೇಷ್ಟ್ರು ಒಬ್ಬ ಅಜ್ಜಿಯ ಬಗ್ಗೆ ಒಂದೊಂದೇ ಕೃದಂತ ಪದಪುಂಜವನ್ನು ಹೇಳುವರು. ವಿದ್ಯಾರ್ಥಿ ಓಡಿಹೋಗಿ ಸರಿಯಾದ ಕುರ್ಚಿಯಲ್ಲಿ ಕೂರಬೇಕು. ‘ಕ್ಯಾರಿಯಿಂಗ್ ದ ಲ್ಯಾಂಪ್’ ಎಂದರೆ ಅಜ್ಜಿ ತಾನೇ ದೀಪ ಹೊತ್ತಿದ್ದಾಳೆ, ಕರ್ತರಿ. ‘ಕ್ಯಾರೀಡ್ ಬೈ ಹರ್ ಸನ್’ ಎಂದರೆ ಅಜ್ಜಿಯನ್ನೇ ಮಗ ಹೊತ್ತಿದ್ದಾನೆ, ಕರ್ಮಣಿ. ಇನ್ಸ್‌ಪೆಕ್ಟರ್ ಹುಡುಗನಾಗಿದ್ದಾಗ ಪ್ರತಿ ಸಲವೂ ತಪ್ಪು ಕುರ್ಚಿಗೇ ಓಡುತ್ತಿದ್ದ. ಸುಟ್ಟುಹೋದ ಪುಸ್ತಕದ ವಿಷಯ ಇದೇ. ಕರ್ತರಿ ಕೃದಂತವನ್ನು ಕರ್ಮಣಿಯಿಂದ ಬೇರ್ಪಡಿಸಿ ಕಾಣುವುದು ಹೇಗೆ ಎಂಬುದಕ್ಕೆ ಮುನ್ನೂರು ಪುಟಗಳ ಅಭ್ಯಾಸ.

ಅವನು ಕೋಣೆಯನ್ನು ನಿಧಾನವಾಗಿ ನೋಡಿದ. ಬೀಗ ಒಡೆದಿಲ್ಲ. ಕಿಟಕಿ ಭದ್ರ. ಮೇಜಿನ ಮೇಲೆ ದಪ್ಪ ನಿಘಂಟು. ಅದರ ಮೇಲೆ ಮೇಷ್ಟ್ರ ಕನ್ನಡಕ, ಕಡ್ಡಿ ಮಡಚಿಟ್ಟು. ಕೀಲಿಕೈಗಳು ಮೂರು. ಒಂದು ಮುಖ್ಯೋಪಾಧ್ಯಾಯಿನಿಯವರ ಕಪಾಟಿನಲ್ಲಿ, ಲಕೋಟೆಯೊಳಗೆ, ಅರಗಿನ ಮುದ್ರೆಯೊಂದಿಗೆ. ಒಂದು ಮೇಷ್ಟ್ರ ಬಳಿ. ನಿವೃತ್ತರಾದರೂ ಪುಸ್ತಕ ಮುಗಿಯುವ ತನಕ ಕೋಣೆ ಅವರದೇ ಎಂದು ಶಾಲೆ ಒಪ್ಪಿತ್ತು. ಮೂರನೆಯದು ಅವರ ಜಾಗಕ್ಕೆ ಬಂದ ಯುವಕನ ಬಳಿ. ಎಂಥ ಸೆಕೆಯಲ್ಲೂ ಟೈ ಬಿಚ್ಚದ ಆತನಿಗೆ ಶಾಲೆಯೆಲ್ಲ ಇಟ್ಟ ಹೆಸರು ಟೈ ಸಾರ್.

ಉಳಿದ ಹಾಳೆಗಳನ್ನು ದಫೇದಾರ ಎಣಿಸಿದ. ಇಪ್ಪತ್ತೆರಡು. ಎಲ್ಲವೂ ಪುಸ್ತಕದ ಕೊನೆಯ ಪುಟಗಳು. ಕಟ್ಟನ್ನು ಒಟ್ಟಿಗೆ ಹಾಕಿದ್ದರಿಂದ ಬೆಂಕಿಗೆ ಉಸಿರು ಕಟ್ಟಿ ಇವು ಉಳಿದಿದ್ದವು. ಒಂದು ಪುಟದಲ್ಲಿ ಒಂದೇ ವಾಕ್ಯ ಏಳು ಸಲ ಇತ್ತು, ಒಂದರಿಂದ ಏಳರವರೆಗೆ ಸಂಖ್ಯೆ ಹಾಕಿ.

‘ಇದೇನ್ ಸಾರ್, ಮೇಷ್ಟ್ರು ಪುಸ್ತಕದಲ್ಲೂ ಇಂಪೊಸಿಷನ್ ಕೊಡ್ತಾರಾ?’ ಎಂದ ದಫೇದಾರ.

‘ನೀನು ಅವರ ಕೈಲಿ ಓದಿಲ್ಲ. ಓದಿದ್ದಿದ್ರೆ ಏಳಕ್ಕೆ ಬಿಟ್ರಲ್ಲ ಅಂತ ಸಂತೋಷಪಡ್ತಿದ್ದೆ,’ ಎಂದ ಇನ್ಸ್‌ಪೆಕ್ಟರ್.

ಹಾಳೆಗಳ ಕೆಳಗಿನ ಬಲಮೂಲೆಯಲ್ಲಿ ಪೆನ್ಸಿಲಿನ ಒಂದೊಂದು ಚಿಕ್ಕ ಓರೆಗೆರೆ ಇತ್ತು. ಅವನು ಅದನ್ನು ನೋಡಿದ. ಏನೆಂದು ತಿಳಿಯಲಿಲ್ಲ.

*

ಮೇಷ್ಟ್ರ ಮನೆ ಎರಡು ಬೀದಿ ಆಚೆ. ಮದುವೆಯಾಗದ ಅಣ್ಣ, ಮದುವೆಯಾಗದ ತಂಗಿ. ತಂಗಿಯೂ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಎಲ್ಲರಿಗೂ ಟೀಚರಮ್ಮ. ಅವರಿಗೆ ವ್ಯಾಕರಣ ಕಲಿಸಿದವರು ಅಣ್ಣನೇ, ಅಡುಗೆಮನೆಯ ಮೇಜಿನ ಮೇಲೆ.

ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಅಂಗಿಯ ಕೊರಳಗುಂಡಿಯೂ ಹಾಕಿತ್ತು. ಹಳೆಯ ಶಿಷ್ಯನನ್ನು ಗುರುತಿಸಿದರು. ಅವನ ತಂದೆಯ ಯೋಗಕ್ಷೇಮ ವಿಚಾರಿಸಿದರು. ಇನ್ಸ್‌ಪೆಕ್ಟರ್ ಒಂದು ಕ್ಷಣ ತಡವರಿಸಿದ. ತಂದೆ ತೀರಿಕೊಂಡು ನಾಲ್ಕು ವರ್ಷ; ಅಂದು ಹೆಗಲ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಿಂತಿದ್ದವರು ಇದೇ ಮೇಷ್ಟ್ರು. ಆಘಾತವಾದ ಮುದುಕರು ಎಂದುಕೊಂಡು ಚೆನ್ನಾಗಿದ್ದಾರೆ ಎಂದುಬಿಟ್ಟ. ಕಾಲು ಗಂಟೆಯ ನಂತರ ಮೇಷ್ಟ್ರು ಅದನ್ನೇ ಮತ್ತೆ ಕೇಳಿದರು. ಈ ಸಲ ಟೀಚರಮ್ಮ ನಡುವೆ ಬಾಯಿ ಹಾಕಿ ಮಾತು ತಿರುಗಿಸಿದರು.

ಪುಸ್ತಕವನ್ನು ತಾನಲ್ಲದೆ ಇನ್ನೊಬ್ಬರು ಓದಿಲ್ಲ ಎಂದು ಮೇಷ್ಟ್ರು ಹೇಳಿಕೆ ಕೊಟ್ಟರು. ಮುಗಿಯದ ಕೆಲಸವನ್ನು ಯಾರಿಗೂ ತೋರಿಸುವ ವಾಡಿಕೆ ತಮಗಿಲ್ಲ ಎಂದರು. ಟೀಚರಮ್ಮ ಅದನ್ನೇ ಹೇಳಿದರು: ಒಂದು ಪುಟವನ್ನೂ ತಾವು ಕಂಡಿಲ್ಲ, ದಿನವೂ ಮಧ್ಯಾಹ್ನ ಅಣ್ಣನಿಗೆ ಊಟದ ಡಬ್ಬಿ ಒಯ್ಯುವುದು, ಅವರು ಉಂಡು ಕುರ್ಚಿಯಲ್ಲೇ ಒಂದು ಗಳಿಗೆ ಕಣ್ಣುಮುಚ್ಚಿ ಎದ್ದ ಮೇಲೆ ಡಬ್ಬಿ ತರುವುದು, ಅಷ್ಟೇ. ಅಣ್ಣನ ಹೇಳಿಕೆಯನ್ನು ದಫೇದಾರ ಓದಿ ಹೇಳಬೇಕಾಯಿತು. ಶುಕ್ರವಾರ ಮರೆತು ಬಂದ ಕನ್ನಡಕ ಇನ್ನೂ ಶಾಲೆಯ ಕೋಣೆಯಲ್ಲೇ ಇತ್ತು. ಟೀಚರಮ್ಮ ತಮ್ಮದನ್ನು ತಾವೇ ಓದಿದರು, ಪೆನ್ಸಿಲ್ ಹಿಡಿದು, ಸಾಲಿಗೆ ಸಾಲು. ಆಮೇಲೆ ದಫೇದಾರನ ಪೆನ್ನು ಕೇಳಿ ಸಹಿ ಮಾಡಿದರು.

ಹೊರಡುವಾಗ ಮೇಷ್ಟ್ರು ಒಂದೇ ಮಾತು ಕೇಳಿದರು.

‘ಇನ್ನು ಬರೆಯೋದಕ್ಕೆ ನನಗೆ ಹನ್ನೊಂದು ವರ್ಷ ಇದೆಯೇನಪ್ಪಾ?’



*

ಬೆರಳುಗಳೆಲ್ಲ ಟೈ ಸಾರ್ ಕಡೆಗೆ ತಿರುಗಿದವು. ತಿರುಗಲು ಕಾರಣವೂ ಇತ್ತು. ಅವನೂ ಒಂದು ಇಂಗ್ಲಿಷ್ ಕೈಪಿಡಿ ಬರೆದಿದ್ದ. ಪ್ರೆಸ್ಸಿನ ಯಜಮಾನರು ಅದನ್ನು ಆರು ತಿಂಗಳಿಂದ ಮೂಲೆಗಿಟ್ಟಿದ್ದರು; ಮೇಷ್ಟ್ರದು ಬರುವವರೆಗೆ ಇನ್ನಾರದೂ ಇಲ್ಲ ಎಂದು ಎಲ್ಲರೆದುರು ಹೇಳಿದ್ದರು. ಅವನ ಬಳಿ ಕೀಲಿಕೈ ಇತ್ತು. ಭಾನುವಾರ ಮಧ್ಯಾಹ್ನ ಮೂರರವರೆಗೆ ವಿಶೇಷ ತರಗತಿಯ ನೆಪದಲ್ಲಿ ಶಾಲೆಯಲ್ಲೇ ಇದ್ದ. ಅಂದು ಬೇರೆ ಯಾರೂ ಬಂದಿಲ್ಲ ಎಂದು ಮಾಲಿ ಆಣೆಯಿಟ್ಟು ಹೇಳಿದ್ದ.

ಮುಖ್ಯೋಪಾಧ್ಯಾಯಿನಿ ಅವನನ್ನು ಮಂಗಳವಾರವೇ ಅಮಾನತಿನಲ್ಲಿಟ್ಟರು. ಶುಕ್ರವಾರ ಆಡಳಿತ ಸಮಿತಿ ಸೇರಿ ಕೆಲಸದಿಂದ ತೆಗೆಯುವುದು ಖಚಿತವಾಗಿತ್ತು. ಅವನು ಠಾಣೆಯ ಬೆಂಚಿನ ಮೇಲೆ ಕೂತಿದ್ದ. ಕೊರಳಲ್ಲಿ ಟೈ ಇರಲಿಲ್ಲ.

‘ಅವರನ್ನ ಕಂಡರೆ ನನಗೆ ಹೊಟ್ಟೆಕಿಚ್ಚು ಇತ್ತು ಸಾರ್, ಇಲ್ಲ ಅನ್ನಲ್ಲ. ಆದರೆ ಆ ಪುಸ್ತಕ ಅಚ್ಚಾಗಿದ್ರೆ ಮೊದಲು ಕೊಂಡ್ಕೊಳ್ತಿದ್ದವನು ನಾನೇ. ಮೇಷ್ಟ್ರ ಪುಸ್ತಕ ಸುಟ್ಟವನು ಅಂತ ಹೆಸರು ಅಂಟಿದ ಮೇಲೆ ಇನ್ಯಾವ ಶಾಲೆ ನನ್ನನ್ನ ಒಳಗೆ ಬಿಟ್ಕೊಳ್ಳುತ್ತೆ?’

ಇನ್ಸ್‌ಪೆಕ್ಟರ್ ಅವನ ಕೈಪಿಡಿಯ ಪ್ರತಿಯನ್ನು ತರಿಸಿಕೊಂಡ. ಮೇಷ್ಟ್ರದನ್ನು ನಕಲು ಮಾಡಿ, ಮೂಲವನ್ನು ಸುಟ್ಟಿದ್ದಾನೆಯೇ? ಎರಡನ್ನೂ ಹೋಲಿಸಿ ನೋಡಬಲ್ಲ ಹೊರಗಿನವರೊಬ್ಬರು ಬೇಕಿತ್ತು.

*

ಆ ವಾರ ಪರೀಕ್ಷೆಯ ಮೌಲ್ಯಮಾಪನ ನಡೆಯುತ್ತಿತ್ತು. ದೊಡ್ಡ ಹಾಲಿನಲ್ಲಿ ಅರವತ್ತು ಮೇಜು, ಅರವತ್ತು ಬಗ್ಗಿದ ತಲೆ. ಕಾಗದ ಮಗುಚುವ ಸದ್ದು ಬಿಟ್ಟರೆ ಬೇರೇನಿಲ್ಲ. ಮೇಲ್ವಿಚಾರಕಿ ಮೇಷ್ಟ್ರ ಹಳೆಯ ಶಿಷ್ಯೆ. ಎಷ್ಟೋ ವರ್ಷ ಮೌಲ್ಯಮಾಪಕಿಯಾಗಿದ್ದು ಈಗ ಈ ಕುರ್ಚಿಗೆ ಬಂದವರು. ಇನ್ಸ್‌ಪೆಕ್ಟರ್ ಇಪ್ಪತ್ತೆರಡು ಹಾಳೆಗಳನ್ನೂ ಕೈಪಿಡಿಯನ್ನೂ ಅವರ ಮುಂದಿಟ್ಟ.

ಅವರು ಓದತೊಡಗಿದರು. ಮೂರನೆಯ ಹಾಳೆಗೆ ಕನ್ನಡಕ ತೆಗೆದು ಒರೆಸಿಕೊಂಡರು. ಐದನೆಯದಕ್ಕೆ ಓದು ನಿಂತಿತು.

‘ಇದು ಮೇಷ್ಟ್ರು ಬರೆದದ್ದಲ್ಲ.’

ಅಕ್ಷರ ಅವರದೇ, ಶಾಯಿ ಅವರದೇ, ಅವರೇ ಒಪ್ಪಿದ್ದಾರೆ ಎಂದ ಇನ್ಸ್‌ಪೆಕ್ಟರ್.

ಅವರು ಹಾಳೆಗಳನ್ನು ಮತ್ತೆ ಮೊದಲಿನಿಂದ ಮಗುಚಿ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ವಿವರಿಸಿದರು. ಮಗ ಹೊತ್ತೊಯ್ಯುತ್ತಿರುವ ಅಜ್ಜಿಯನ್ನು ಇಲ್ಲಿ ಮಾಡುವವಳೆಂದು ಬರೆದಿದೆ. ದೀಪ ಹೊತ್ತವಳನ್ನು ಮಾಡಿಸಿಕೊಳ್ಳುವವಳೆಂದು. ಎಡವಿ ಬಿದ್ದ ತಪ್ಪಾಗಿದ್ದರೆ ಒಂದೆರಡು ಕಡೆ ಇರುತ್ತಿತ್ತು. ಇದು ಪುಟದಿಂದ ಪುಟಕ್ಕೆ ಹಬ್ಬಿದೆ. ಒಂದೇ ವಾಕ್ಯವನ್ನು ಏಳು ಸಲ ಬರೆದದ್ದು ಅಭ್ಯಾಸಕ್ಕಲ್ಲ; ಬರೆದದ್ದು ಮರೆತು ಮತ್ತೆ ಬರೆದದ್ದು. ಕೈಪಿಡಿಯ ಹುಡುಗ ಇದನ್ನು ನಕಲು ಮಾಡಿಲ್ಲ. ಅವನದು ಸಾಧಾರಣ ಪುಸ್ತಕ, ಆದರೆ ಸರಿಯಾಗಿದೆ.

ಇನ್ಸ್‌ಪೆಕ್ಟರ್ ತಲೆ ತಗ್ಗಿಸಿದ. ಆಗ ಅವನ ಕಣ್ಣಿಗೆ ಪಕ್ಕದ ಮೇಜಿನ ಉತ್ತರಪತ್ರಿಕೆ ಬಿತ್ತು. ಪುಟದ ಕೆಳಗಿನ ಬಲಮೂಲೆಯಲ್ಲಿ ಒಂದು ಚಿಕ್ಕ ಓರೆಗೆರೆ. ಮಗುಚಿದ ಪುಟದಲ್ಲೂ ಅದೇ. ಅದರಾಚೆಯ ಮೇಜಿನಲ್ಲೂ ಅದೇ.

ಇದೇನೆಂದು ಕೇಳಿದ.

‘ಓದಿದ ಪುಟದ ಗೆರೆ. ಎರಡು ಹಾಳೆ ಅಂಟಿಕೊಂಡು ಒಂದು ಪುಟ ತಪ್ಪಿಹೋದರೆ ಮಗುವಿನ ಅಂಕ ಹೋಗುತ್ತೆ. ಅದಕ್ಕೇ ಓದಿ ಮುಗಿಸಿದ ಪ್ರತಿ ಪುಟಕ್ಕೂ ಗೆರೆ ಹಾಕಬೇಕು. ಹತ್ತು ವರ್ಷ ಹಾಕಿದ ಮೇಲೆ ಕೈ ನಮ್ಮ ಮಾತು ಕೇಳೋದಿಲ್ಲ ನೋಡಿ. ಔಷಧಿ ಚೀಟಿಗೂ ಹಾಕ್ತೀವಿ. ನಾನಂತೂ ಸೊಸೆ ತನ್ನ ತಾಯಿಗೆ ಬರೆದಿಟ್ಟ ಕಾಗದಕ್ಕೂ ಹಾಕಿ ಸಿಕ್ಕಿಬಿದ್ದೆ.’

‘ಹೊಸ ಮೇಷ್ಟ್ರುಗಳೂ ಹಾಕ್ತಾರಾ?’

‘ಐದು ವರ್ಷ ಸರ್ವಿಸ್ ಆಗದೆ ಈ ಹಾಲಿಗೆ ಕಾಲಿಡೋ ಹಾಗಿಲ್ಲ.’

‘ನಮ್ಮ ಮೇಷ್ಟ್ರು?’

‘ಅವರು ಶುರುವಿನಿಂದಲೂ ಮುಖ್ಯ ಪರೀಕ್ಷಕರು. ನಾವು ತಿದ್ದಿದ್ದನ್ನ ನೋಡಿ ಮುಖಪುಟಕ್ಕೆ ಸಹಿ ಹಾಕೋರು. ಪೆನ್ಸಿಲ್ ಅನ್ನೋದನ್ನ ಅವರು ಮುಟ್ಟಿದ್ದು ನಾನು ಕಂಡಿಲ್ಲ.’

ಟೈ ಸಾರ್ ಕೆಲಸಕ್ಕೆ ಸೇರಿ ಎರಡನೆಯ ವರ್ಷ ನಡೆಯುತ್ತಿತ್ತು.

*

ಠಾಣೆಗೆ ಬಂದವನೇ ಕಡತ ಬಿಚ್ಚಿದ. ಟೀಚರಮ್ಮನ ಹೇಳಿಕೆ ಎರಡು ಪುಟ. ಎರಡರ ಕೆಳಗಿನ ಬಲಮೂಲೆಯಲ್ಲೂ ಪೆನ್ಸಿಲಿನ ಓರೆಗೆರೆ. ಸುಟ್ಟ ಹಾಳೆಯನ್ನು ಪಕ್ಕಕ್ಕಿಟ್ಟ. ಅದೇ ಉದ್ದ, ಅದೇ ಓರೆ.

ಮಾಲಿಯನ್ನು ಕರೆಸಿ, ಭಾನುವಾರ ಟೀಚರಮ್ಮ ಬಂದಿದ್ದರೇ ಎಂದು ಹೆಸರು ಹಿಡಿದೇ ಕೇಳಿದ.

‘ಓ, ಬಂದಿದ್ರಲ್ಲ ಸ್ವಾಮಿ. ನಾಲ್ಕು ಗಂಟೆಗೆ. ಅಣ್ಣನ ಕನ್ನಡಕ ಮರೆತಿದೆ, ತಗೊಂಡು ಹೋಗ್ತೀನಿ ಅಂದ್ರು. ನಾನು ಮುಂದುಗಡೆ ಗಿಡಕ್ಕೆ ನೀರು ಬಿಡ್ತಿದ್ದೆ.’

ಬೇರೆ ಯಾರೂ ಬಂದಿಲ್ಲ ಎಂದು ಹೇಳಿದ್ದೇಕೆ?

‘ಟೀಚರಮ್ಮ ಬೇರೆ ಯಾರು ಅಂತ ಹೆಂಗ್ ಆಗ್ತಾರೆ? ದಿನಾ ಬರೋರು.’

ಕನ್ನಡಕಕ್ಕೆಂದು ಬಂದವರು ಅದನ್ನು ನಿಘಂಟಿನ ಮೇಲೆಯೇ ಬಿಟ್ಟು ಹೋಗಿದ್ದರು.

*

ಗುರುವಾರ ಸಂಜೆ ಇನ್ಸ್‌ಪೆಕ್ಟರ್ ಒಬ್ಬನೇ ಹೋದ. ಮೇಷ್ಟ್ರು ಒಳಕೋಣೆಯಲ್ಲಿ ಮಲಗಿದ್ದಾರೆಂದು ಟೀಚರಮ್ಮ ಹೇಳಿದರು. ಅವನು ಎರಡು ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಬೆರಳನ್ನು ಒಂದರ ಮೂಲೆಯ ಮೇಲಿಟ್ಟ. ಆಮೇಲೆ ಇನ್ನೊಂದರ ಮೇಲೆ.

ಅವರು ನೋಡಿದರು. ತಮ್ಮ ಬಲಗೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿಕೊಂಡರು.

ಅವನು ತಾನು ತಿಳಿದದ್ದನ್ನು ಒಂದೊಂದಾಗಿ ಹೇಳಿದ. ದ್ವೇಷವಿದ್ದವನು ಪುಸ್ತಕವನ್ನು ಸುಡುತ್ತಾನೆ. ಸುಡುವ ಮೊದಲು ಪುಟ ಪುಟವನ್ನೂ ಓದುತ್ತ ಕೂರುವುದಿಲ್ಲ. ಇದನ್ನು ಸುಟ್ಟವರು ಓದಿದ್ದರು, ಪರೀಕ್ಷಕರು ಓದುವ ಹಾಗೆ. ಆ ರೂಢಿ ಟೈ ಸಾರ್‌ಗೆ ಇಲ್ಲ, ಮೇಷ್ಟ್ರಿಗೂ ಇಲ್ಲ. ಮೇಷ್ಟ್ರ ಕೀಲಿಕೈ ತೂಗುವ ಮೊಳೆ ಈ ಮನೆಯ ಬಾಗಿಲ ಪಕ್ಕದಲ್ಲೇ ಇದೆ. ಓದಲು ಸಮಯ ದಿನವೂ ಸಿಗುತ್ತಿತ್ತು, ಊಟದ ನಂತರ ಅಣ್ಣ ಕಣ್ಣುಮುಚ್ಚಿದ ಆ ಒಂದು ಗಳಿಗೆ. ಭಾನುವಾರ ನಾಲ್ಕಕ್ಕೆ ಶಾಲೆಗೆ ಹೋದದ್ದೂ ಗೊತ್ತು, ಕನ್ನಡಕ ಬಿಟ್ಟು ಬಂದದ್ದೂ ಗೊತ್ತು.

ಟೀಚರಮ್ಮ ಎದ್ದು ಕೈಚೀಲದಿಂದ ಮಡಚಿದ ಹಾಳೆಯೊಂದನ್ನು ತಂದರು.

‘ಬರೆದೇ ಇಟ್ಟಿದ್ದೀನಿ. ನಾಳೆ ಬೆಳಗ್ಗೆ ಸಮಿತಿಗೆ ಕೊಡೋಳಿದ್ದೆ. ಆ ಹುಡುಗನ ಅನ್ನ ನಾನು ಕಿತ್ಕೊಳ್ತಿರಲಿಲ್ಲ.’

ಇನ್ಸ್‌ಪೆಕ್ಟರ್ ಓದಿದ. ಅಣ್ಣನ ಕೀರ್ತಿಯನ್ನು ಸಹಿಸಲಾರದೆ, ಜೀವನವೆಲ್ಲ ಅವನ ನೆರಳಿನಲ್ಲಿ ಕಳೆದ ಅಸೂಯೆಯಿಂದ, ತಾನೇ ಸುಟ್ಟೆ ಎಂದಿತ್ತು. ಅಕ್ಷರ ಅಣ್ಣನ ಅಕ್ಷರದಷ್ಟೇ ಸ್ಫುಟ.

‘ಇದು ಸುಳ್ಳು,’ ಎಂದ.

‘ಸುಳ್ಳೇ. ಇರಲಿ. ಅಸೂಯೆ ಅಂತಲೇ ಬರ್ಕೊಳ್ಳಿ. ನನ್ನ ಮುಖ ನೋಡದಿದ್ರೂ ಪರವಾಗಿಲ್ಲ. ತನ್ನ ಪುಸ್ತಕ ಚೆನ್ನಾಗಿತ್ತು, ಪಾಪಿ ತಂಗಿ ಸುಟ್ಟಳು ಅಂದ್ಕೊಂಡು ಇದ್ದುಬಿಡಲಿ. ಅಚ್ಚಾಗಿದ್ರೆ ನಾಳೆ ಹತ್ತನೇ ತರಗತಿ ಮಕ್ಕಳು ಅವನ ತಪ್ಪು ತೋರಿಸಿ ನಗ್ತಿದ್ರು. ನನ್ನ ಅಣ್ಣನ್ನ.’

ಹೇಗೆ ಶುರುವಾಯಿತೆಂದು ಅವನು ಕೇಳಿದ. ಅಲ್ಲೊಂದು ಇಲ್ಲೊಂದು ಅಲ್ಪವಿರಾಮ ಬಿಟ್ಟುಹೋಗಿದ್ದರೆ ಸದ್ದಿಲ್ಲದೆ ಸೇರಿಸೋಣವೆಂದು ಓದತೊಡಗಿದರಂತೆ. ಮೂರು ತಿಂಗಳು ಓದಿದರಂತೆ. ಅರ್ಧ ದಾರಿಯಲ್ಲಿ ತಮಗೇ ಏನೋ ಆಗಿದೆಯೆಂದು ವೈದ್ಯರಲ್ಲಿಗೆ ಹೋಗಿ ತಮ್ಮ ಕಣ್ಣು ತೋರಿಸಿಕೊಂಡು ಬಂದರಂತೆ.

ಒಳಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

‘ಎಷ್ಟು ತಪ್ಪು?’ ಎಂದರು.

ಟೀಚರಮ್ಮ ಮೇಜಿನ ಮೇಲಿದ್ದ ಕಾಗದಗಳನ್ನು ಮಗುಚಿಟ್ಟರು.

‘ಕೇಳಿದ್ದಕ್ಕೆ ಹೇಳು.’

‘ನೂರ ನಲವತ್ತನೇ ಪುಟದವರೆಗೆ ಒಂದೂ ಇರಲಿಲ್ಲ ಅಣ್ಣ.’

‘ಆಮೇಲೆ?’

‘ಆಮೇಲೆ ಎಣಿಸೋದು ಬಿಟ್ಟೆ.’

ಮೇಷ್ಟ್ರು ಗೋಡೆ ಹಿಡಿದು ಬಂದು ಕುರ್ಚಿಯಲ್ಲಿ ಕೂತರು. ಇನ್ಸ್‌ಪೆಕ್ಟರ್ ಕಡೆ ಅವರು ನೋಡಲಿಲ್ಲ.

‘ಆ ನೂರ ನಲವತ್ತನ್ನೂ ಸುಟ್ಟೆಯಾ?’

‘ಅದನ್ನ ಉಳಿಸಿದ್ರೆ ಮಿಕ್ಕಿದ್ದೆಲ್ಲಿ ಅಂತ ನೀನು ಕೇಳ್ತಿದ್ದೆ.’

‘ಕೇಳ್ತಿದ್ದೆ. ನೀನು ಹೇಳಬೇಕಿತ್ತು.’ ಅವರ ದನಿ ತರಗತಿಯ ದನಿಯಂತೆಯೇ ಸ್ಪಷ್ಟವಾಗಿತ್ತು. ‘ನಲವತ್ತು ವರ್ಷ ಮಕ್ಕಳ ಮುಖಕ್ಕೆ ಹೇಳಿದ್ದೀನಿ, ಇದು ತಪ್ಪು ಅಂತ. ಹೇಳಿಸ್ಕೊಂಡ ಒಬ್ಬರೂ ಸಾಯಲಿಲ್ಲ. ಈ ನಿನ್ನ ಇನ್ಸ್‌ಪೆಕ್ಟರೂ ಸಾಯಲಿಲ್ಲ. ನನಗೊಬ್ಬನಿಗೆ ಹೇಳೋದಕ್ಕೆ ನಿನಗೆ ಬಾಯಿ ಬರಲಿಲ್ಲ, ಅಲ್ಲವಾ?’

ಟೀಚರಮ್ಮ ಅವರ ಕಾಲ ಬಳಿ ನೆಲದ ಮೇಲೆ ಕುಸಿದರು. ಮೇಷ್ಟ್ರು ಅವರನ್ನು ಎಬ್ಬಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈ ಮಾತ್ರ ತಂಗಿಯ ತಲೆಯ ಮೇಲೆ ಹೋಗಿ ಕೂತಿತು.

‘ಇನ್ನು ಮೇಲೆ ನಾನು ಏನು ಕೇಳಿದರೂ ಸುಳ್ಳು ಹೇಳಬೇಡ. ಎಷ್ಟು ಸಲ ಕೇಳಿದರೂ. ಮಾತು ಕೊಡು.’

ಅವರು ಕೊಟ್ಟರು.

*

ಶುಕ್ರವಾರ ಮೇಷ್ಟ್ರು ತಾವೇ ಸಮಿತಿಯ ಮುಂದೆ ನಿಂತರು. ಅಂದು ಅವರಿಗೆ ಎಲ್ಲವೂ ನೆನಪಿತ್ತು. ಪುಸ್ತಕ ತಪ್ಪಾಗಿತ್ತು, ತಮ್ಮ ಮನೆಯವರೇ ಅದನ್ನು ಸುಟ್ಟರು, ಸುಟ್ಟದ್ದು ಮಕ್ಕಳಿಗೆ ಒಳ್ಳೆಯದೇ ಆಯಿತು ಎಂದರು. ದೂರು ಹಿಂತೆಗೆದುಕೊಂಡರು. ಕೈಕಟ್ಟಿ ನಿಂತಿದ್ದ ಯುವಕನ ಕಡೆ ತಿರುಗಿ, ಅವನ ಕೈಪಿಡಿಯನ್ನು ಮೊದಲು ಅಚ್ಚು ಹಾಕಬೇಕೆಂದು ಅಲ್ಲೇ ಇದ್ದ ಪ್ರೆಸ್ಸಿನ ಯಜಮಾನರಿಗೆ ಹೇಳಿದರು.  ಮುಖ್ಯೋಪಾಧ್ಯಾಯಿನಿ ಟೈ ಸಾರ್‌ನ ಕ್ಷಮೆ ಕೇಳಿದರು. ಅವನು ಅಳುತ್ತಿದ್ದ.

ಕಡತ ಮುಚ್ಚಿತು.

*

ಎರಡು ತಿಂಗಳ ಮೇಲೆ, ಉಳಿದ ಇಪ್ಪತ್ತೆರಡು ಹಾಳೆಗಳನ್ನು ಹಿಂದಿರುಗಿಸಲು ಇನ್ಸ್‌ಪೆಕ್ಟರ್ ಆ ಮನೆಗೆ ಹೋದ. ಬೆಳಗಿನ ಎಂಟೂವರೆ. ಟೀಚರಮ್ಮ ಬಾಗಿಲು ತೆರೆದರು. ಈ ಎರಡು ತಿಂಗಳಲ್ಲಿ ಅವರಿಗೆ ಹತ್ತು ವರ್ಷ ಹೆಚ್ಚಾಗಿತ್ತು.

ಮೇಷ್ಟ್ರು ಹೇಗಿದ್ದಾರೆಂದು ವಿಚಾರಿಸಿದ.

‘ಸಮಿತಿಗೆ ಹೋಗಿದ್ದು ನೆನಪಿಲ್ಲ. ಬೆಂಕಿ ನೆನಪಿಲ್ಲ. ಬೆಳಗ್ಗೆ ಎದ್ದು ಅಂಗಿ ಹಾಕ್ಕೊಂಡು ಕೂರ್ತಾನೆ, ಇವತ್ತು ಪ್ರೆಸ್ಸಿನವರು ಬರ್ತಾರೆ ಅಂತ. ಪುಸ್ತಕ ಕೇಳ್ತಾನೆ.’

‘ನೀವು ಏನು ಹೇಳ್ತೀರಿ?’

‘ಮಾತು ಕೊಟ್ಟಿದ್ದೀನಲ್ಲ.’ ಅವರು ಹಣೆಯನ್ನು ಬಾಗಿಲ ಚೌಕಟ್ಟಿಗೆ ಆನಿಸಿದರು. ‘ನಿನ್ನೆ ಮೂರು ಸಲ ಕೇಳಿದ. ಮೂರು ಸಲವೂ ಆಗತಾನೇ ಗೊತ್ತಾದವನ ಹಾಗೆ ಅತ್ತ. ಒಂದು ಸಲ ಹೇಳಲಾರದೆ ಸುಟ್ಟವಳು ನಾನು.’

ಇನ್ಸ್‌ಪೆಕ್ಟರಿಗೆ ಹಾಳೆಗಳಿದ್ದ ಲಕೋಟೆಯನ್ನು ಮುಂದೆ ಚಾಚುವ ಧೈರ್ಯವಾಗಲಿಲ್ಲ. ಅವರೇ ಕೈ ನೀಡಿ ಇಸಿದುಕೊಂಡರು, ಬಿಚ್ಚಲಿಲ್ಲ.

ಒಳಗೆ ಕುರ್ಚಿ ಸರಿದ ಸದ್ದಾಯಿತು.

‘ಯಜಮಾನರು ಬಂದ್ರೇನಮ್ಮಾ? ಪುಸ್ತಕ ಎಲ್ಲಿಟ್ಟಿದ್ದೀಯೆ?’ ದನಿಯಲ್ಲಿ ಉತ್ಸಾಹವಿತ್ತು.

‘ಬಂದೆ ಅಣ್ಣ,’ ಎಂದರು ಟೀಚರಮ್ಮ. ಲಕೋಟೆಯನ್ನು ಬಾಗಿಲ ಪಕ್ಕದ ಗೂಡಿನಲ್ಲಿಟ್ಟರು. ಮುಖ ಒರೆಸಿಕೊಂಡು, ಹೇಳಲು ಒಳಗೆ ಹೋದರು.